ಸಿಪಿಯು ಡಬ್ಬಿಗೂ ಉಸಿರು ಬೇಕು

ಆನ್ ಮಾಡಿದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಒಳಗಿನ ಫ್ಯಾನ್ ಜೋರಾಗಿ ಕೂಗಲು ಶುರು ಮಾಡುತ್ತದೆ. ಮೌಸ್ ತಡವರಿಸುತ್ತದೆ, ವಿಡಿಯೊ ನಿಂತು ನಿಂತು ಓಡುತ್ತದೆ. ಕೊನೆಗೆ ಯಾವ ಸೂಚನೆಯೂ ಇಲ್ಲದೆ ಪರದೆ ಕಪ್ಪಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲವೇನೋ ಎಂಬಂತೆ ಶುರುವಾಗುತ್ತದೆ. ಇದರಲ್ಲಿ ಎರಡು ಲಕ್ಷಣಗಳಾದರೂ ನಿಮ್ಮ ಕಂಪ್ಯೂಟರ್‌ನಲ್ಲಿ ಕಂಡಿದ್ದರೆ, ವೈರಸ್ ಬಂದಿದೆ, ವಿಂಡೋಸ್ ಮತ್ತೆ ಹಾಕಿಸಬೇಕು, ಮದರ್‌ಬೋರ್ಡ್ ಹೋಗಿದೆ ಎಂಬ ತೀರ್ಮಾನಕ್ಕೆ ಬರುವ ಮೊದಲು ಮನೆಯಲ್ಲಿ ಒಂದು ಸ್ಕ್ರೂಡ್ರೈವರ್ ಹುಡುಕಿ. ನಿಮ್ಮ ಡಬ್ಬಿಗೆ ಉಸಿರು ಕಟ್ಟಿರಬಹುದು.

ನಾನು ಹೊಸಪೇಟೆಯವಳು. ಬಿಸಿಎ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿಕೊಳ್ಳುತ್ತಾ, ಸಂಜೆ ಹೊತ್ತು ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಗೆ ಬರುವ ಡೆಸ್ಕ್‌ಟಾಪ್‌ಗಳ ಪಕ್ಕದ ಮುಚ್ಚಳ ತೆಗೆದರೆ ಎಷ್ಟೋ ಸಲ ಮೊದಲು ಕಾಣುವುದು ಮದರ್‌ಬೋರ್ಡ್ ಅಲ್ಲ, ಅದರ ಮೇಲೆ ಕೂತ ಕೆಂಪು ಧೂಳು. ಅದನ್ನು ಒರೆಸಿ, ಗಾಳಿ ಹೋಗುವ ದಾರಿ ಬಿಡಿಸಿಕೊಟ್ಟರೆ ಸಾಕು ಎನ್ನುವಂಥ ಯಂತ್ರಗಳು ತಿಂಗಳಿಗೆ ಹಲವು ಬರುತ್ತವೆ. ಅವುಗಳಲ್ಲಿ ಕೆಲವನ್ನು ಗುಜರಿಗೆ ಹಾಕಲು ಮಾಲೀಕರು ಆಗಲೇ ಮನಸ್ಸು ಮಾಡಿರುತ್ತಾರೆ. ಈ ಬರಹ ಆ ಡಬ್ಬಿಗಳ ಪರವಾಗಿ.

ಊರಿಗೊಂದು ಧೂಳು

ಮೊದಲು ಒಂದು ಮಾತು. ನಾವು ‘ಸಿಪಿಯು’ ಎಂದು ಕರೆಯುವ ಇಡೀ ಡಬ್ಬಿಯ ಹೆಸರು ಕ್ಯಾಬಿನೆಟ್. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅದರೊಳಗೆ ಮದರ್‌ಬೋರ್ಡ್ ಮೇಲೆ ಕೂತಿರುವ ಬೆಂಕಿಪೊಟ್ಟಣದಷ್ಟು ಗಾತ್ರದ ಚಿಪ್. ಧೂಳಿನ ಕಥೆಯೆಲ್ಲ ಕೊನೆಗೆ ಬಂದು ಮುಟ್ಟುವುದು ಇದಕ್ಕೇ.

ಧೂಳು ಎಲ್ಲ ಊರಿನಲ್ಲೂ ಒಂದೇ ತರಹ ಇರುವುದಿಲ್ಲ. ಸಂಡೂರು, ಹೊಸಪೇಟೆ, ಬಳ್ಳಾರಿ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಗಳಲ್ಲಿ ನುಣ್ಣನೆಯ ಕೆಂಪು ಪುಡಿ. ಸೇಡಂ ಸುತ್ತಮುತ್ತ ಸಿಮೆಂಟ್ ಮತ್ತು ಸುಣ್ಣದಕಲ್ಲಿನ ಬೂದು ಧೂಳು. ರಬಕವಿ–ಬನಹಟ್ಟಿಯಂಥ ಮಗ್ಗದ ಊರುಗಳಲ್ಲಿ ನೂಲಿನ ಸಣ್ಣ ಎಳೆಗಳು. ಬೆಂಗಳೂರಿನಲ್ಲಿ ಮುಗಿಯದ ಕಟ್ಟಡ ಕಾಮಗಾರಿ, ಅಗೆದ ರಸ್ತೆ. ಇವುಗಳ ಜೊತೆಗೆ ಎಲ್ಲ ಮನೆಯಲ್ಲೂ ಇದ್ದೇ ಇರುವ ಬಟ್ಟೆಯ ನಾರು, ಕೂದಲು, ಹಾಸಿಗೆಯ ಹತ್ತಿ.

ಇವುಗಳಲ್ಲಿ ನಾರಿನ ಪಾತ್ರ ದೊಡ್ಡದು. ಬರೀ ಪುಡಿ ಧೂಳಾದರೆ ಬಹಳಷ್ಟು ಗಾಳಿಯ ಜೊತೆಗೇ ಹೊರಗೆ ಹೋಗಿಬಿಡುತ್ತದೆ. ಆದರೆ ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಹೀಟ್‌ಸಿಂಕ್‌ನ ಪಟ್ಟಿಗಳ ನಡುವೆ ಮೊದಲು ನಾಲ್ಕು ಎಳೆ ಸಿಕ್ಕಿಕೊಂಡರೆ, ಅದೇ ಬಲೆಯಾಗಿ ಪುಡಿಯನ್ನೂ ಹಿಡಿಯುತ್ತದೆ. ಕೆಲವು ತಿಂಗಳಲ್ಲಿ ಫ್ಯಾನ್ ಮತ್ತು ಹೀಟ್‌ಸಿಂಕ್ ನಡುವೆ ಒಂದು ಸಣ್ಣ ಕಂಬಳಿಯೇ ತಯಾರಾಗುತ್ತದೆ. ಮೇಲೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಕೆಳಗೆ ಗಾಳಿ ಇಳಿಯುವುದೇ ಇಲ್ಲ. ಹೊರಗಿನಿಂದ ನೋಡಿದವರಿಗೆ ‘ಫ್ಯಾನ್ ಸರಿಯಾಗಿದೆಯಲ್ಲ’ ಅನ್ನಿಸುವುದು ಇದರಿಂದಲೇ.

ಕರಾವಳಿಯವರ ಕಷ್ಟ ಬೇರೆ. ಅಲ್ಲಿ ಗಾಳಿಯಲ್ಲೇ ಉಪ್ಪು. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅದೇ ಉಪ್ಪು ಧೂಳಿನೊಂದಿಗೆ ಸೇರಿ ಸರ್ಕ್ಯೂಟ್ ಬೋರ್ಡ್ ಮೇಲೆ ಕೂತರೆ, ಹರಿಯಬಾರದ ಕಡೆ ವಿದ್ಯುತ್ ಹರಿಯಲು ದಾರಿಯಾಗುತ್ತದೆ, ಲೋಹದ ಕಾಲುಗಳಿಗೆ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಓದುಗರು ಮಳೆಗಾಲಕ್ಕೆ ಮುಂಚೆ ಒಮ್ಮೆ ಡಬ್ಬಿ ತೆರೆದು ಶುಚಿ ಮಾಡಿಬಿಡುವುದು ಒಳ್ಳೆಯದು. ಒಣ ಧೂಳಿಗಿಂತ ಒದ್ದೆ ಧೂಳು ಹೆಚ್ಚು ಅಪಾಯ.

ನಿಧಾನವಾಗುವುದು ಜೀವ ಉಳಿಸಿಕೊಳ್ಳಲು

ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮೇಲೆ ಕಂಪನಿಗಳು ನಮೂದಿಸುವ ಶಾಖದ ಪ್ರಮಾಣ ಬಹುಮಟ್ಟಿಗೆ 65 ವಾಟ್. ಹಳೆಯ 60 ವಾಟ್ ಬಲ್ಬನ್ನು ಉರಿಯುವಾಗ ಮುಟ್ಟಿ ಬೆರಳು ಸುಟ್ಟುಕೊಂಡವರಿಗೆ ಅದೆಷ್ಟು ಬಿಸಿ ಎಂಬುದು ಗೊತ್ತಿರುತ್ತದೆ. ಅಷ್ಟೂ ಶಾಖ ಉಗುರಿನಷ್ಟಗಲದ ಸಿಲಿಕಾನ್ ಚೂರಿನಿಂದ ಹೊರಡುತ್ತದೆ. ಅದು ಚಿಪ್‌ನಿಂದ ಥರ್ಮಲ್ ಪೇಸ್ಟ್‌ಗೆ, ಪೇಸ್ಟ್‌ನಿಂದ ಹೀಟ್‌ಸಿಂಕ್‌ಗೆ, ಅಲ್ಲಿಂದ ಗಾಳಿಗೆ, ಕೊನೆಗೆ ಗಾಳಿಯ ಜೊತೆ ಡಬ್ಬಿಯ ಹೊರಗೆ ಹೋಗಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಶಾಖ ಅಲ್ಲೇ ನಿಲ್ಲುತ್ತದೆ.

ಇಂದಿನ ಪ್ರೊಸೆಸರ್‌ಗಳು ಇದಕ್ಕೆ ಸಿದ್ಧವಾಗಿರುತ್ತವೆ. ಇಂಟೆಲ್‌ನ ಅನೇಕ ಚಿಪ್‌ಗಳಲ್ಲಿ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ಅನೇಕ ರೈಜನ್ ಚಿಪ್‌ಗಳಲ್ಲಿ 95. ಉಷ್ಣತೆ ಆ ಮಟ್ಟ ಮುಟ್ಟುತ್ತಿದ್ದಂತೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದರೂ ತಡೆಯಲಾಗದಿದ್ದರೆ ಯಂತ್ರವನ್ನೇ ಆಫ್ ಮಾಡಿಬಿಡುತ್ತದೆ. 2001ರಲ್ಲಿ ‘ಟಾಮ್ಸ್ ಹಾರ್ಡ್‌ವೇರ್’ ಎಂಬ ತಂತ್ರಜ್ಞಾನ ತಾಣ ಕಂಪ್ಯೂಟರ್ ಓಡುತ್ತಿರುವಾಗಲೇ ಹೀಟ್‌ಸಿಂಕ್ ಕಿತ್ತು ತೋರಿಸಿದ ವಿಡಿಯೊ ಆಗ ಬಹಳ ಸುದ್ದಿ ಮಾಡಿತ್ತು. ಪೆಂಟಿಯಂ 4 ನಿಧಾನವಾಯಿತು, ಆದರೆ ಬದುಕಿಕೊಂಡಿತು. ಅಂಥ ರಕ್ಷಣೆ ಇಲ್ಲದ ಅಂದಿನ ಅಥ್ಲಾನ್ ಚಿಪ್ ಕ್ಷಣಗಳಲ್ಲಿ ಸುಟ್ಟುಹೋಯಿತು. ಈಗಿನ ಎಲ್ಲ ಚಿಪ್‌ಗಳಲ್ಲೂ ಆ ರಕ್ಷಣೆ ಇದೆ. ಹಾಗಾಗಿ ಕಂಪ್ಯೂಟರ್ ನಿಧಾನವಾಯಿತು ಎಂದು ಬೈಯುವ ಮೊದಲು, ಅದು ತನ್ನನ್ನು ತಾನು ಉಳಿಸಿಕೊಳ್ಳುತ್ತಿದೆಯೇ ಎಂದು ನೋಡಬೇಕು.

ಚಿಪ್ ಉಳಿದರೂ ಉಳಿದ ಬಿಡಿಭಾಗಗಳು ಬಿಸಿಯ ಬೆಲೆ ತೆರುತ್ತವೆ. ಮದರ್‌ಬೋರ್ಡ್ ಮತ್ತು ಪವರ್ ಸಪ್ಲೈ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯುಸ್ಸು ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳು ಬಳಸುವ ಅಂದಾಜು ಲೆಕ್ಕ. ಅಂದರೆ ಇಂದು ಧೂಳಿನಿಂದ ಬರೀ ನಿಧಾನವಾಗುವ ಯಂತ್ರ, ಹಾಗೇ ಬಿಟ್ಟರೆ ಮುಂದೊಂದು ದಿನ ನಿಜವಾಗಿಯೂ ಮದರ್‌ಬೋರ್ಡ್ ಕಳೆದುಕೊಳ್ಳುತ್ತದೆ.

ಸೆಕೆಂಡಿಗೆ 17 ಲೀಟರ್ ಗಾಳಿ

ಫ್ಯಾನ್ ತಂಪು ಮಾಡುತ್ತದೆ ಎಂದುಕೊಳ್ಳುತ್ತೇವೆ. ಅದು ಮಾಡುವುದು ಬಿಸಿಯನ್ನು ಸಾಗಿಸುವ ಕೆಲಸ ಮಾತ್ರ. ಕೋಣೆಯ ಗಾಳಿಯೇ 40 ಡಿಗ್ರಿ ಇದ್ದರೆ ಎಂಥ ದುಬಾರಿ ಫ್ಯಾನ್ ಹಾಕಿದರೂ ಒಳಗೆ ಅದಕ್ಕಿಂತ ಕಡಿಮೆ ಆಗದು. ರಾಯಚೂರು, ಕಲಬುರಗಿಯ ಏಪ್ರಿಲ್–ಮೇ ತಿಂಗಳಲ್ಲಿ ಕಂಪ್ಯೂಟರ್‌ಗಳು ಸುಸ್ತಾಗುವುದಕ್ಕೆ ಇದೇ ಕಾರಣ.

ಹಾಗಾದರೆ ಎಷ್ಟು ಗಾಳಿ ಬೇಕು? ಪಿಯುಸಿ ಭೌತಶಾಸ್ತ್ರದ ಲೆಕ್ಕವೇ ಸಾಕು. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೌಲ್ ಬೇಕು. ನಿಮ್ಮ ಕಂಪ್ಯೂಟರ್ 200 ವಾಟ್ ಶಾಖ ಹೊರಸೂಸುತ್ತಿದೆ ಎಂದುಕೊಳ್ಳಿ. ಒಳಬಂದ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಹೋಗಬೇಕಾದರೆ ಸೆಕೆಂಡಿಗೆ ಸುಮಾರು 17 ಲೀಟರ್ ಗಾಳಿ ಹರಿಯಬೇಕು. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಇರುತ್ತದಲ್ಲ, ಹೆಚ್ಚೂಕಡಿಮೆ ಅಷ್ಟು ಗಾಳಿ ಪ್ರತಿ ಸೆಕೆಂಡಿಗೆ. ಫ್ಯಾನ್ ಡಬ್ಬಗಳ ಮೇಲೆ ಬರೆಯುವ ‘ಸಿಎಫ್‌ಎಂ’ ಲೆಕ್ಕದಲ್ಲಿ ಇದು ಸುಮಾರು 35. ಸಾಧಾರಣ 120 ಮಿ.ಮೀ. ಫ್ಯಾನಿನ ಮೇಲೆ 50ರ ಆಸುಪಾಸಿನ ಸಂಖ್ಯೆ ಇರುತ್ತದೆ. ಅದು ಯಾವ ಅಡೆತಡೆಯೂ ಇಲ್ಲದ ಬಯಲಿನ ಲೆಕ್ಕ. ಜಾಲರಿ, ಫಿಲ್ಟರ್, ವೈರುಗಳ ನಡುವೆ ನಿಜದ ಹರಿವು ಅದಕ್ಕಿಂತ ಕಡಿಮೆ.

ಈ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತದೆ. ಓದು, ಟೈಪಿಂಗ್, ಕೋಡಿಂಗ್, ಆನ್‌ಲೈನ್ ಕ್ಲಾಸ್‌ಗೆ ಬಳಸುವ ಯಂತ್ರಕ್ಕೆ ಎರಡು ಅಥವಾ ಮೂರು ಫ್ಯಾನ್ ಧಾರಾಳ ಸಾಕು, ಬಣ್ಣದ ದೀಪದ ಏಳೆಂಟು ಫ್ಯಾನ್ ಬೇಕಿಲ್ಲ. ಎರಡನೆಯದು, ಧೂಳಿನಿಂದ ಹರಿವು ಅರ್ಧವಾದರೆ ಗಾಳಿಯ ಬಿಸಿ 10ರ ಬದಲು 20 ಡಿಗ್ರಿ ಏರುತ್ತದೆ. 40 ಡಿಗ್ರಿಯ ಕೋಣೆಯಲ್ಲಿ ಡಬ್ಬಿಯಿಂದ ಹೊರಬರುವ ಗಾಳಿ 60 ಡಿಗ್ರಿ!

ಗಾಳಿಯ ದಾರಿ ಸರಳ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯ ಡಬ್ಬಿಗಳೇ ಇಂದಿಗೂ ಹೆಚ್ಚು ಬಳಕೆಯಲ್ಲಿವೆ. ಇವುಗಳಲ್ಲಿ ಈಗಿನ ರೂಢಿಯಂತೆ ಮುಂದಿನಿಂದ ಅಥವಾ ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ, ಹಿಂದಿನಿಂದ ಅಥವಾ ಮೇಲಿನಿಂದ ಬಿಸಿ ಗಾಳಿ ಹೊರಗೆ. ಫ್ಯಾನ್ ಯಾವ ಕಡೆ ದೂಡುತ್ತದೆ ಎಂದು ತಿಳಿಯಲು ಅದರ ಚೌಕಟ್ಟು ನೋಡಿ. ರೆಕ್ಕೆಗಳು ತೆರೆದು ಕಾಣುವ ಕಡೆಯಿಂದ ಗಾಳಿ ಒಳಗೆ ಬರುತ್ತದೆ, ಅಡ್ಡಪಟ್ಟಿಗಳಿರುವ ಕಡೆಯಿಂದ ಹೊರಗೆ ಹೋಗುತ್ತದೆ. ಮುಂದಿನ ಫ್ಯಾನನ್ನು ಯಾರೋ ತಿರುಗಾಮುರುಗಾ ಕೂರಿಸಿದ್ದು, ಹಿಂದೆ ಮುಂದೆ ಎರಡೂ ಗಾಳಿಯನ್ನು ಹೊರಗೇ ದೂಡುತ್ತಿರುವ ಡಬ್ಬಿಗಳು ನಮ್ಮ ಅಂಗಡಿಗೆ ಆಗಾಗ ಬರುತ್ತವೆ.

ಆಪರೇಷನ್ ಥಿಯೇಟರ್‌ನ ಪಾಠ

ಗಾಳಿ ಬೇಕು, ಧೂಳು ಬೇಡ. ಇದು ಹೇಗೆ ಸಾಧ್ಯ? ಉತ್ತರ ಆಸ್ಪತ್ರೆಯಲ್ಲಿದೆ. ಶಸ್ತ್ರಚಿಕಿತ್ಸೆ ನಡೆಯುವ ಕೋಣೆಯೊಳಗೆ ಶುದ್ಧೀಕರಿಸಿದ ಗಾಳಿಯನ್ನು, ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ತುಂಬುತ್ತಿರುತ್ತಾರೆ. ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುವುದರಿಂದ ಬಾಗಿಲು ತೆರೆದಾಗ ಗಾಳಿ ಹೊರಕ್ಕೆ ನುಗ್ಗುತ್ತದೆ, ಕಾರಿಡಾರಿನ ಧೂಳು, ರೋಗಾಣು ಒಳಗೆ ಬರುವುದಿಲ್ಲ. ಸಾಂಕ್ರಾಮಿಕ ರೋಗಿಗಳನ್ನು ಇಡುವ ಪ್ರತ್ಯೇಕ ಕೋಣೆಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಒಳಗಿನ ಒತ್ತಡ ಕಡಿಮೆ ಇಟ್ಟು, ಗಾಳಿ ಹೊರಗಿನಿಂದ ಒಳಕ್ಕೆ ಮಾತ್ರ ಹರಿಯುವಂತೆ ಮಾಡುತ್ತಾರೆ.

ನಿಮ್ಮ ಕ್ಯಾಬಿನೆಟ್ ಈ ಎರಡರಲ್ಲಿ ಯಾವುದು ಎಂಬುದೇ ಪ್ರಶ್ನೆ. ಹಿಂದೆ ಒಂದು ಫ್ಯಾನ್ ಗಾಳಿಯನ್ನು ಹೊರಗೆಳೆಯುತ್ತಿದ್ದು, ಮುಂದೆ ಫ್ಯಾನೇ ಇಲ್ಲದಿದ್ದರೆ ಒಳಗೆ ಒತ್ತಡ ಕಡಿಮೆಯಾಗುತ್ತದೆ. ಆಗ ಡಿವಿಡಿ ಡ್ರೈವ್‌ನ ಅಂಚು, ಯುಎಸ್‌ಬಿ ತೂತು, ಹಿಂದಿನ ಖಾಲಿ ಸ್ಲಾಟ್, ಮುಚ್ಚಳದ ಸಂದು ಎಲ್ಲೆಲ್ಲಿಂದಲೂ ಗಾಳಿ ನುಗ್ಗುತ್ತದೆ. ಅದರ ಜೊತೆ ಧೂಳು. ಆ ಸಂದುಗಳಿಗೆಲ್ಲ ಫಿಲ್ಟರ್ ಹಾಕಲಾಗುವುದಿಲ್ಲ. ಅದೇ ಮುಂದೆ ಫಿಲ್ಟರ್ ಇರುವ ಎರಡು ಫ್ಯಾನ್ ಒಳಕ್ಕೂ, ಹಿಂದೆ ಒಂದು ಫ್ಯಾನ್ ಹೊರಕ್ಕೂ ಇದ್ದರೆ ಒಳಗಿನ ಒತ್ತಡ ಸ್ವಲ್ಪ ಹೆಚ್ಚಿರುತ್ತದೆ. ಸಂದುಗಳಿಂದ ಗಾಳಿ ಹೊರಗೇ ಸೋರುತ್ತದೆ. ಧೂಳು ಬರಬೇಕಾದರೆ ಮುಂದಿನ ಫಿಲ್ಟರ್ ದಾಟಿಯೇ ಬರಬೇಕು. ಗಾಳಿ ಹೇಗೂ ಒಳಗೆ ಬಂದೇ ಬರುತ್ತದೆ, ಅದು ಎಲ್ಲಿಂದ ಬರಬೇಕು ಎಂಬುದನ್ನು ನಾವು ತೀರ್ಮಾನಿಸಬಹುದು. ಇಡೀ ವಿದ್ಯೆ ಇಷ್ಟೇ.

ಮುಂದೊಂದು, ಹಿಂದೊಂದು ಫ್ಯಾನ್ ಮಾತ್ರ ಇದ್ದರೆ ಬಯಾಸ್ ಸೆಟ್ಟಿಂಗ್‌ನಲ್ಲಿ ಹಿಂದಿನದರ ವೇಗವನ್ನು ಸ್ವಲ್ಪ ತಗ್ಗಿಸಿದರೂ ಕೆಲಸ ನಡೆಯುತ್ತದೆ. ಸರಿಯಾಗಿದೆಯೇ ಎಂದು ನೋಡಲು ಒಂದು ಊದಿನಕಡ್ಡಿ ಹಚ್ಚಿ ಮುಚ್ಚಳದ ಸಂದಿನ ಹತ್ತಿರ ಅರೆ ನಿಮಿಷ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡರೆ ಒತ್ತಡ ಕಡಿಮೆ, ಆಚೆ ತಳ್ಳಿದರೆ ಹೆಚ್ಚು.

ಇದರಲ್ಲೂ ಒಂದು ಎಚ್ಚರ ಬೇಕು. ಫಿಲ್ಟರ್ ಧೂಳು ಹಿಡಿದಷ್ಟೂ ಗಾಳಿಯ ದಾರಿ ಕಿರಿದಾಗುತ್ತದೆ. ತಿಂಗಳುಗಟ್ಟಲೆ ತೊಳೆಯದೇ ಬಿಟ್ಟರೆ ಮುಂದಿನ ಎರಡು ಫ್ಯಾನ್‌ಗಳ ಗಾಳಿ ಹಿಂದಿನ ಒಂದಕ್ಕಿಂತ ಕಡಿಮೆಯಾಗಿ, ಮತ್ತೆ ಸಂದುಗಳಿಂದ ಧೂಳು ಎಳೆಯಲು ಶುರುವಾಗುತ್ತದೆ. ನಮ್ಮ ಕಡೆಯ ಧೂಳಿಗೆ ಎರಡು ಮೂರು ವಾರಕ್ಕೊಮ್ಮೆ ಫಿಲ್ಟರ್ ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಡಬ್ಬಿಯಲ್ಲಿ ಫಿಲ್ಟರ್ ಇಲ್ಲದಿದ್ದರೆ ಅಂಚಿಗೆ ಅಯಸ್ಕಾಂತ ಇರುವ ನೈಲಾನ್ ಜಾಲರಿಗಳು ಸಿಗುತ್ತವೆ. ಹಳೆಯ ನೈಲಾನ್ ಸ್ಟಾಕಿಂಗ್ ಬಿಗಿಯಾಗಿ ಎಳೆದು ಕಟ್ಟಿದರೂ ಆದೀತು. ಸೊಳ್ಳೆಪರದೆಯ ಕಣ್ಣು ದೊಡ್ಡದು, ನಾರನ್ನು ತಡೆಯುತ್ತದೆ, ಪುಡಿಯನ್ನು ಬಿಡುತ್ತದೆ. ದಪ್ಪ ಬಟ್ಟೆ ಮಾತ್ರ ಬೇಡ, ಅದು ಧೂಳಿನ ಜೊತೆ ಗಾಳಿಯನ್ನೂ ತಡೆಯುತ್ತದೆ.

‘ಇಷ್ಟೇನಾ ಅಕ್ಕಾ?’

ಕಳೆದ ಬೇಸಿಗೆಯಲ್ಲಿ ಒಬ್ಬ ಡಿಗ್ರಿ ಹುಡುಗ ಹಳೆಯ ಡೆಸ್ಕ್‌ಟಾಪನ್ನು ಬೈಕಿನ ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು ಬಂದಿದ್ದ. ಊರಿನವರಿಗೆ ಆನ್‌ಲೈನ್ ಅರ್ಜಿ ತುಂಬಿಕೊಟ್ಟು, ಕನ್ನಡ ಟೈಪಿಂಗ್ ಮಾಡಿಕೊಟ್ಟು ಕಾಲೇಜು ಫೀಸಿಗೆ ದಾರಿ ಮಾಡಿಕೊಂಡಿದ್ದನಂತೆ. ಅರ್ಜಿಯ ಕೊನೆ ದಿನಗಳಲ್ಲೇ ಯಂತ್ರ ಕೈಕೊಡಲು ಶುರು ಮಾಡಿತ್ತು.

“ಅಕ್ಕಾ, ಇದರ ಮದರ್‌ಬೋರ್ಡ್ ಹೋಗೈತಂತೆ. ಬೇರೆ ಕಡಿ ತೋರಿಸಿದ್ದೆ, ಆರು ಸಾವಿರ ಆಗ್ತೈತಂದ್ರು. ಹಾಕ್ಸೋದಾ, ಗುಜರಿಗೆ ಕೊಡೋದಾ ನೀವೇ ಹೇಳ್ರಿ” ಅಂದ.

ಬಯಾಸ್‌ನಲ್ಲಿ ನೋಡಿದರೆ ಏನೂ ಕೆಲಸ ಮಾಡದೆ ಸುಮ್ಮನೆ ಕೂತಾಗಲೇ ಪ್ರೊಸೆಸರ್ 90 ಡಿಗ್ರಿ ದಾಟಿ ಏರುತ್ತಿತ್ತು. ಫ್ಯಾನ್ ಬಿಚ್ಚಿದಾಗ ಹೀಟ್‌ಸಿಂಕ್ ಮೇಲಿನ ಧೂಳಿನ ಪದರ ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು. ಹೀಟ್‌ಸಿಂಕ್ ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಸಡಿಲವಾಗಿತ್ತು. ಶುಚಿ ಮಾಡಿ, ಹೊಸ ಪೇಸ್ಟ್ ಹಚ್ಚಿ, ಪಿನ್ ಸರಿಯಾಗಿ ಒತ್ತಿ ಕೂರಿಸಿ, ಅವನ ಎದುರೇ ಒಂದು ಗಂಟೆ ಓಡಿಸಿದೆವು. 70ರ ಆಸುಪಾಸಿನಲ್ಲೇ ನಿಂತಿತು. ಖರ್ಚು ಪೇಸ್ಟ್ ಮತ್ತು ಸರ್ವಿಸ್ ಚಾರ್ಜ್ ಮಾತ್ರ.

“ಇಷ್ಟೇನಾ ಅಕ್ಕಾ?” ಎಂದು ಕೇಳಿದ. “ಇಷ್ಟೇ. ಆದ್ರೆ ಮೂರು ತಿಂಗಳಿಗೊಮ್ಮೆ ಇಷ್ಟು ಮಾಡ್ಬೇಕಪ್ಪ” ಎಂದೆ.

ಎಲ್ಲ ತೊಂದರೆಗೂ ಧೂಳೇ ಕಾರಣ ಎನ್ನುತ್ತಿಲ್ಲ. ತಲೆ ಉಬ್ಬಿದ ಕೆಪಾಸಿಟರ್, ಸತ್ತ ಪವರ್ ಸಪ್ಲೈ, ಹಾಳಾದ ಹಾರ್ಡ್ ಡಿಸ್ಕ್ ಇವೆಲ್ಲ ನಿಜದ ರೋಗಗಳೇ. ಆದರೆ ಆರು ಸಾವಿರದ ಚಿಕಿತ್ಸೆಗೆ ಮುಂಚೆ ಉಷ್ಣತೆ ನೋಡುವ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಎಚ್‌ಡಬ್ಲ್ಯುಇನ್ಫೋ, ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶಗಳು ಪ್ರೊಸೆಸರ್‌ನ ಉಷ್ಣತೆ ತೋರಿಸುತ್ತವೆ. ಶುಚಿ ಮಾಡಿದ ದಿನದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಅದೇ ಋತುವಿನಲ್ಲಿ, ಅದೇ ಕೆಲಸ ಮಾಡುವಾಗ 10–15 ಡಿಗ್ರಿ ಏರಿದ್ದರೆ ಮತ್ತೆ ತೆರೆಯುವ ಕಾಲ ಬಂತು ಎಂದರ್ಥ.

ಪಂಕ್ಚರ್ ಅಂಗಡಿಗೆ ಒಯ್ಯಬೇಡಿ

ಡಬ್ಬಿಯನ್ನು ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್‌ನಿಂದ ಗಾಳಿ ಹೊಡೆಸುವ ಪದ್ಧತಿ ಎಲ್ಲ ಊರಿನಲ್ಲೂ ಇದೆ. ಆ ಟ್ಯಾಂಕಿನಲ್ಲಿ ನೀರು ಸೇರಿಕೊಂಡಿರುತ್ತದೆ, ಎಣ್ಣೆಯ ಅಂಶವೂ ಇರಬಹುದು. ಒತ್ತಡವಂತೂ ಟೈರಿಗೆ ಬೇಕಾದ್ದು, ಮದರ್‌ಬೋರ್ಡ್‌ಗೆ ಅಲ್ಲ. ಬದಲಿಗೆ ಕೈಯಲ್ಲಿ ಹಿಡಿಯುವ ಸಣ್ಣ ಎಲೆಕ್ಟ್ರಿಕ್ ಬ್ಲೋವರ್ ಸಾಕು. ನಾಲ್ಕು ಗೆಳೆಯರು ಸೇರಿ ಒಂದು ಕೊಂಡರೆ ಇಡೀ ಹಾಸ್ಟೆಲ್‌ಗೆ ಆಗುತ್ತದೆ.

ಶುಚಿ ಮಾಡುವ ಕ್ರಮ ಹೀಗಿರಲಿ:

ಒಂದು, ಸ್ವಿಚ್ ಆಫ್ ಮಾಡಿ, ವೈರನ್ನು ಪ್ಲಗ್‌ನಿಂದ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಖಾಲಿಯಾಗಲಿ.

ಎರಡು, ಡಬ್ಬಿಯನ್ನು ಅಂಗಳಕ್ಕೋ ಮಾಳಿಗೆಗೋ ಒಯ್ಯಿರಿ. ಮುಖಕ್ಕೆ ಮಾಸ್ಕ್ ಇರಲಿ. ಒಳಗೆ ಕೈ ಹಾಕುವ ಮುನ್ನ ಡಬ್ಬಿಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ ಚಿಪ್‌ಗೆ ತಗಲಬಾರದು. ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ ಎನ್ನುವುದು ಇದೇ ಕಾರಣಕ್ಕೆ.

ಮೂರು, ಹೊಸ ಮೃದು ಪೇಂಟ್ ಬ್ರಷ್‌ನಿಂದ ಧೂಳು ಸಡಿಲಿಸಿ, ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಅದು ಗಿರಗಿರನೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಅಲ್ಲದೆ ಆ ಮೋಟಾರೇ ಜನರೇಟರ್ ಆಗಿ ಬೋರ್ಡ್‌ಗೆ ವಿದ್ಯುತ್ ಕಳಿಸಬಹುದು.

ನಾಲ್ಕು, ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಅದರೊಳಗೆ 300 ವೋಲ್ಟ್‌ಗೂ ಮೀರಿದ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಹೊರಗಿನ ಜಾಲರಿಯಿಂದಲೇ ಊದಿ ಬಿಡಿ.

ಐದು, ಹೀಟ್‌ಸಿಂಕ್ ಬಿಚ್ಚಿದರೆ ಹಳೆಯ ಪೇಸ್ಟ್ ಪೂರ್ತಿ ತೆಗೆದು ಹೊಸದು ಹಚ್ಚಲೇಬೇಕು. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ನೀರು, ಸೀಮೆಎಣ್ಣೆ, ಸೆಂಟು ಬೇಡ. ಹೊಸ ಪೇಸ್ಟ್ ಸಣ್ಣ ಬಟಾಣಿ ಕಾಳಿನಷ್ಟು ಸಾಕು. ಹೆಚ್ಚು ಬಳಿದರೆ ಹೆಚ್ಚು ತಂಪು ಎಂಬುದೇನೂ ಇಲ್ಲ.

ಡಬ್ಬಿ ಎಲ್ಲಿಡುತ್ತೀರಿ?

ಇಷ್ಟೆಲ್ಲ ಮಾಡಿ ಮತ್ತೆ ಅದನ್ನು ಕಂಪ್ಯೂಟರ್ ಟೇಬಲ್‌ನ ಮುಚ್ಚಿದ ಗೂಡಿನೊಳಗೆ ತಳ್ಳಿದರೆ ಪ್ರಯೋಜನವಿಲ್ಲ. ಅಲ್ಲಿ ಹಿಂದಿನಿಂದ ಹೊರಬಂದ ಬಿಸಿ ಗಾಳಿಯೇ ಸುತ್ತಿ ಬಂದು ಮುಂದಿನಿಂದ ಒಳಹೋಗುತ್ತದೆ. ಗೋಡೆಯಿಂದ ಅರ್ಧ ಅಡಿಯಾದರೂ ದೂರ ಇಡಿ. ನೆಲದ ಮೇಲೆ ಇಟ್ಟರೆ ದಿನಾ ಕಸ ಗುಡಿಸಿದಾಗ ಏಳುವ ಧೂಳು ನೇರ ಒಳಗೆ ಹೋಗುತ್ತದೆ. ಸ್ಟೂಲ್ ಅಥವಾ ಎರಡು ಇಟ್ಟಿಗೆಯ ಮೇಲೆ ಹಲಗೆ ಹಾಕಿ ಎತ್ತರಿಸಿ. ಬಟ್ಟೆಯ ಕವರ್ ಆಫ್ ಮಾಡಿದ ಮೇಲೆ ಹೊದಿಸಲು, ಆನ್ ಇದ್ದಾಗ ಅಲ್ಲ. ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚುವವರೂ ಇದ್ದಾರೆ. ಒಂದು ದಿನದ ತುರ್ತಿಗೆ ಪರವಾಗಿಲ್ಲ. ರೂಢಿ ಮಾಡಿಕೊಂಡರೆ ಫಿಲ್ಟರ್ ಇಲ್ಲದ ದೊಡ್ಡ ಬಾಗಿಲನ್ನೇ ಧೂಳಿಗೆ ತೆರೆದ ಹಾಗೆ. ಮೇಲಾಗಿ ಹಲ್ಲಿ, ಜಿರಲೆಗಳಿಗೆ ಬೆಚ್ಚನೆಯ ಮನೆ.

ಊದಿನಕಡ್ಡಿ, ಸೊಳ್ಳೆಬತ್ತಿಯ ಹೊಗೆ ಇನ್ನೊಂದು ಶತ್ರು. ಹೊಗೆಯ ಕಣ ಬಹಳ ಸಣ್ಣದು, ಸಾಮಾನ್ಯ ಫಿಲ್ಟರ್ ಅದನ್ನು ತಡೆಯಲಾರದು. ಒಳಗೆ ಹೋಗಿ ಜಿಡ್ಡಾಗಿ ಕೂತು ಧೂಳನ್ನು ಅಂಟಿಸಿಕೊಳ್ಳುತ್ತದೆ. ಮೇಲೆ ಹೇಳಿದ ಅರೆ ನಿಮಿಷದ ಪರೀಕ್ಷೆ ಬೇರೆ, ದಿನಾ ಕಂಪ್ಯೂಟರ್ ಮುಂದೆಯೇ ಹಚ್ಚುವುದು ಬೇರೆ.

ಲ್ಯಾಪ್‌ಟಾಪ್ ಇರುವವರಿಗೂ ನಿಯಮ ಇದೇ. ಹೆಚ್ಚಿನವು ಕೆಳಗಿನಿಂದ ಗಾಳಿ ಎಳೆಯುತ್ತವೆ. ಹಾಸಿಗೆ, ದಿಂಬಿನ ಮೇಲಿಟ್ಟರೆ ಮೂಗು ಮುಚ್ಚಿದಂತೆ. ಗಟ್ಟಿಯಾದ ಹಲಗೆಯ ಮೇಲಿಡಿ, ಹಿಂಬದಿಯನ್ನು ಸ್ವಲ್ಪ ಎತ್ತರಿಸಿ. ಬಿಚ್ಚುವ ಮೊದಲು ವಾರಂಟಿ ಇದೆಯೇ ನೋಡಿಕೊಳ್ಳಿ.

ಕೊಳ್ಳುವವರಿಗೆ, ಕಲಿಯುವವರಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳವರೆಗೆ ಕಚೇರಿಗಳಿಂದ ಬಂದ ಹಳೆಯ ಡೆಸ್ಕ್‌ಟಾಪ್‌ಗಳ ವ್ಯಾಪಾರ ಜೋರಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ, ಹಳೆಯ ಅನೇಕ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವೂ ಅಲ್ಲ. ಲಿನಕ್ಸ್ ಹಾಕಿಕೊಂಡು ಓದುವವರಿಗೆ, ಕೋಡಿಂಗ್ ಕಲಿಯುವವರಿಗೆ ಅವು ಒಳ್ಳೆಯ ವ್ಯಾಪಾರ. ಕೊಳ್ಳುವಾಗ ಮುಚ್ಚಳ ತೆಗೆಸಿ ನೋಡಿ, ಅರ್ಧ ಗಂಟೆ ಓಡಿಸಿ ಉಷ್ಣತೆ ಕೇಳಿ. ಹೊಸ ಕ್ಯಾಬಿನೆಟ್ ಕೊಳ್ಳುವುದಾದರೆ ಮುಂಭಾಗ ಪೂರ್ತಿ ಗಾಜಿನದ್ದಾಗಿದ್ದು ಮಿಂಚುವುದಕ್ಕಿಂತ, ಜಾಲರಿಯದ್ದಾಗಿದ್ದು ಫಿಲ್ಟರ್ ಕೈಯಲ್ಲೇ ಕಳಚುವಂತಿರುವುದು ಮೇಲು.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಮಾತು. ದೊಡ್ಡ ಡೇಟಾ ಸೆಂಟರ್‌ಗಳಲ್ಲೂ ನಡೆಯುವುದು ಇದೇ ವಿದ್ಯೆ. ಅಲ್ಲಿ ಸರ್ವರ್‌ಗಳ ಸಾಲುಗಳನ್ನು ಎದುರುಬದುರಾಗಿ ನಿಲ್ಲಿಸಿ, ಒಂದು ಓಣಿಯಲ್ಲಿ ತಂಪು ಗಾಳಿ, ಮುಂದಿನ ಓಣಿಯಲ್ಲಿ ಬಿಸಿ ಗಾಳಿ ಎಂದು ಬೇರ್ಪಡಿಸುತ್ತಾರೆ. ಎರಡೂ ಬೆರೆಯದಂತೆ ನೋಡಿಕೊಳ್ಳುತ್ತಾರೆ. ಐಟಿಐಗಳ ‘ಕಂಪ್ಯೂಟರ್ ಹಾರ್ಡ್‌ವೇರ್ ಆ್ಯಂಡ್ ನೆಟ್‌ವರ್ಕ್ ಮೆಂಟೆನೆನ್ಸ್’ ಟ್ರೇಡ್, ಕಾಂಪ್ಟಿಯಾ ಎ ಪ್ಲಸ್‌ನಂಥ ಪ್ರಮಾಣಪತ್ರಗಳು ಹಾರ್ಡ್‌ವೇರ್ ಕ್ಷೇತ್ರದ ಬಾಗಿಲುಗಳು. ಆದರೆ ಸಂದರ್ಶನದಲ್ಲಿ ‘ಕಂಪ್ಯೂಟರ್ ತಾನಾಗಿಯೇ ಆಫ್ ಆಗುತ್ತಿದೆ, ಮೊದಲು ಏನು ನೋಡುತ್ತೀರಿ?’ ಎಂದು ಕೇಳಿದರೆ, ಉಷ್ಣತೆ, ಫ್ಯಾನ್, ಹೀಟ್‌ಸಿಂಕ್, ಪೇಸ್ಟ್ ಎಂದು ಕ್ರಮವಾಗಿ ಹೇಳುವ ಧೈರ್ಯ ಬರುವುದು ಒಮ್ಮೆಯಾದರೂ ಕೈ ಕೆಂಪು ಮಾಡಿಕೊಂಡವರಿಗೆ.

ವರ್ಷದಲ್ಲಿ ಇದಕ್ಕೊಂದು ದಿನ ಬೇಕೆಂದರೆ ನಮ್ಮಲ್ಲಿ ಆಗಲೇ ಇದೆ. ಆಯುಧಪೂಜೆಯಂದು ಬೈಕು, ಟ್ರ್ಯಾಕ್ಟರ್ ತೊಳೆದು ಹೂವು ಹಾಕುತ್ತೇವೆ. ಕಂಪ್ಯೂಟರ್‌ಗೆ ಮಾತ್ರ ಧೂಳಿನ ಮೇಲೆಯೇ ವಿಭೂತಿ, ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಈ ಸಲ ಹಿಂದಿನ ದಿನವೇ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಬ್ರಷ್ ಹಿಡಿದು ಕೂರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರೆಗೆ ಒಮ್ಮೆ, ಧೂಳಿನ ಊರಾದರೆ ನಡುವೆ ಇನ್ನೆರಡು ಸಲ. ಒಂದು ಸಲಕ್ಕೆ ಹಿಡಿಯುವುದು ಅರ್ಧ ಗಂಟೆ.